ಈ ಮನೆಯಲ್ಲಿ ಒಬ್ಬ ಬಾಣಂತಿ ಇದ್ದಾಳೆ

ಶಹಾಪುರ
೨೧ ಫೆಬ್ರವರಿ ೨೦೧೬

ನನ್ನ ವಿಶಾಖಾ,

ಮೊದಲು ನಿನ್ನ ತಲೆಯ ಮೇಲೆ ಅವ್ವನ ಕೈ. ಆಮೇಲೆ ಮಾತು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ಒಂದೋ ಹಾಲು ಉಕ್ಕಿತು, ಇಲ್ಲ ಕೂಸು ಅತ್ತಿತು, ಇಲ್ಲ ಬಾಗಿಲಲ್ಲಿ ಯಾರೋ ಬುದ್ಧಿ ಹೇಳಲು ಬಂದು ನಿಂತರು. ಈ ಊರಿನಲ್ಲಿ ನನಗೆ ಬುದ್ಧಿ ಹೇಳುವವರು ಇಷ್ಟು ಮಂದಿ ಇದ್ದಾರೆಂದು ಇಷ್ಟು ವರ್ಷ ಮಾಸ್ತರಿಕಿ ಮಾಡಿದರೂ ನನಗೆ ಗೊತ್ತಿರಲಿಲ್ಲ. ಅವರಲ್ಲಿ ಅರ್ಧ ಮಂದಿಗೆ ಅ ಆ ತಿದ್ದಿಸಿದವಳೇ ನಾನು! ಫೋನಿನಲ್ಲಿ ಮಾತಾಡಿದರೆ ಜಗಳಕ್ಕೆ ಬೀಳುತ್ತೇವೆ ಎಂದು ನೀನೇ ಕಾಗದದ ದಾರಿ ಹಿಡಿದೆ. ಒಳ್ಳೆಯದೇ ಆಯಿತು. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಇಲ್ಲಿ ನಾನು ಆರಾಮ. ಮೊಳಕಾಲು ಮಾತ್ರ ಹಾಗೇ ಇದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಭತ್ತದ ಗದ್ದೆಗಳೆಲ್ಲ ಹಸಿರಾಗಿವೆ, ಸೊಳ್ಳೆ ಬೇಕಾದಷ್ಟು. ನಿನ್ನ ಗಂಡ ಅಯ್ಯಪ್ಪ ದಿನಾ ಭೀಮರಾಯನಗುಡಿಯ ಕಾಲುವೆ ಆಫೀಸಿಗೆ ಬಂದು ಹೋಗುತ್ತಾನೆ, ಇಲ್ಲಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಒಂದು ದಿನವೂ ನಮ್ಮ ಓಣಿಯ ಕಡೆ ಗಾಡಿ ತಿರುಗಿಸಲಿಲ್ಲ. ಇರಲಿ. ಅವನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಈಗ ನಿನ್ನ ಕಾಗದ. ನೀನು ಬರೆದದ್ದು ಇಷ್ಟೇ: ‘ಅವ್ವಾ, ನಮ್ಮ ಅತ್ತೆಗೆ ಎಲ್ಲಾ ಗೊತ್ತಾಗಿದೆ. ಆ ಬರ್ಮಾದ ಹೆಂಗಸು ನಿನ್ನ ಮನೆಯಲ್ಲಿ ಇರುವತನಕ ನನ್ನನ್ನು ಹೆರಿಗೆಗೆ ಕಳಿಸುವುದಿಲ್ಲ ಅನ್ನುತ್ತಾರೆ. ಆಕೆಯನ್ನು ಕಳಿಸು, ನನ್ನನ್ನು ಕರೆಸಿಕೋ.’ 

ಉತ್ತರವನ್ನೂ ಇಷ್ಟೇ ಚಿಕ್ಕದಾಗಿ ಹೇಳುತ್ತೇನೆ. ಆಗುವುದಿಲ್ಲ. ಆಮೀನಾಳನ್ನು ನಾನು ಕಳಿಸುವುದಿಲ್ಲ. ನಿನ್ನ ಚೊಚ್ಚಲು ಹೆರಿಗೆ ಇನ್ನೊಬ್ಬರ ಮನೆಯಲ್ಲಿ ಆಗಲು ಬಿಡುವುದೂ ಇಲ್ಲ. ಎರಡೂ ಆಗಬೇಕು ಅನ್ನುತ್ತೇನೆ. ನಿನ್ನ ಅತ್ತೆಗೆ ಓದಿ ಹೇಳು, ಒಂದಕ್ಷರ ಬಿಡಬೇಡ.

ನಿನಗೆ ಗೊತ್ತಿರುವುದರಲ್ಲಿ ಅರ್ಧ ಖರೆ, ಅರ್ಧ ಮಂದಿಯ ಬಾಯಿಂದ ಬಂದದ್ದು. ಅದಕ್ಕೇ ಮೊದಲಿಂದ ಹೇಳುತ್ತೇನೆ, ಸಮಾಧಾನದಿಂದ ಓದು.

ದೀಪಾವಳಿ ಕಳೆದ ಮೇಲೆ ಕಾಲುವೆ ಕೆಳಗಿನ ಹೊಲಗಳಲ್ಲಿ ಹತ್ತಿ ಬಿಡಿಸಲು ಹೈದರಾಬಾದಿನಿಂದ ಒಬ್ಬ ಮೇಸ್ತ್ರಿ ಕೆಲವು ಸಂಸಾರಗಳನ್ನು ಕರೆತಂದಿದ್ದ. ರೋಹಿಂಗ್ಯಾ ಜನ. ಬರ್ಮಾದಲ್ಲಿ ಊರು ಸುಟ್ಟ ಮೇಲೆ ಬಾಂಗ್ಲಾ ದಾಟಿ, ಬಂಗಾಳ ದಾಟಿ, ಹೈದರಾಬಾದಿಗೆ ಬಂದು ಗುಡಿಸಲು ಹಾಕಿಕೊಂಡವರು. ಅವರ ಹತ್ತಿರ ವಿಶ್ವಸಂಸ್ಥೆ ಕೊಟ್ಟ ಕಾರ್ಡಿದೆ. ಇಲ್ಲಿಯೇ ಇರಲು ಬಂದವರಲ್ಲ ಅವರು. ಯಾವುದಾದರೂ ದೇಶ ಬಾ ಎಂದು ಕರೆಯುವತನಕ ಇಲ್ಲಿ ಕಾಯುವುದು, ಕರೆದರೆ ಹೋಗುವುದು. ಅಷ್ಟರತನಕ ಹೊಟ್ಟೆ ಕಾಯುವುದಿಲ್ಲವಲ್ಲ, ಹತ್ತಿ ಬಿಡಿಸಲು ಬಂದರು.

ಮೊಳಕಾಲಿಗೆ ಡಾಕ್ಟರು ನಡೆಯಲು ಹೇಳಿದ್ದರಿಂದ ನಾನು ದಿನಾ ಕಾಲುವೆ ರಸ್ತೆಯ ಮೇಲೆ ಹೋಗುತ್ತೇನೆ. ಆ ಹೆಣ್ಣುಮಕ್ಕಳ ಜೊತೆ ಎರಡು ಮಾತಾಡಿ ಬರುವುದು ರೂಢಿಯಾಗಿತ್ತು. ಅವರದು ಹೈದರಾಬಾದಿನ ಉರ್ದು, ನನ್ನದು ನಮ್ಮ ಓಣಿಯ ಉರ್ದು, ಹೇಗೋ ಬರೋಬ್ಬರಿ ಆಗುತ್ತಿತ್ತು. ಹತ್ತಿ ಮುಗಿದ ದಿನ ಮೇಸ್ತ್ರಿ ಫೋನು ಬಂದ್ ಮಾಡಿಕೊಂಡು ಮಾಯವಾದ. ಹೊಲದ ಯಜಮಾನರು ಗುಡಿಸಲಿನ ತಾಡಪಾಲುಗಳನ್ನು ಬಿಚ್ಚಿಸಿದರು. ಮಾರನೆಯ ದಿನ ನಾನು ಹೋದಾಗ ಬರೀ ಕೋಲುಗಳು ನಿಂತಿದ್ದವು, ಕೆಳಗೆ ಹೆಂಗಸರು ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಕೂತಿದ್ದರು. ಅವರಲ್ಲಿ ಆಮೀನಾ. ದಿನ ತುಂಬುತ್ತಾ ಬಂದ ಹೊಟ್ಟೆ, ಕಾಲು ಎರಡೂ ಬಾತು ಕಂಬದ ಹಾಗೆ ಆಗಿದ್ದವು.

ನನಗೆ ಹೊಳೆದದ್ದು ನಮ್ಮ ಬುದ್ಧವಿಹಾರ. ಒಂದು ಕೀಲಿ ನನ್ನ ಹತ್ತಿರವೇ ಇರುತ್ತದಲ್ಲ? ದೊಡ್ಡ ಹಜಾರ, ನಳ, ಸಂಡಾಸು ಎಲ್ಲಾ ಇದೆ, ಪೌರ್ಣಿಮೆಗೆ ಬಿಟ್ಟರೆ ಯಾರೂ ಬರುವುದಿಲ್ಲ. ಬೆನ್ನು ತಟ್ಟಿಕೊಂಡೇ ಅವರನ್ನು ಕರೆದುಕೊಂಡು ಹೋದೆ. ರೊಟ್ಟಿ ಗಂಟು ಕೊಟ್ಟೆ. ಹೊಸ ಜಾಗ, ಕತ್ತಲಲ್ಲಿ ಮಕ್ಕಳು ಹೆದರಬಾರದು ಎಂದು ಬುದ್ಧನ ಹಿಂದಿನ ಬಣ್ಣದ ದೀಪಗಳನ್ನೂ ಹಚ್ಚಿ ಬಂದೆ. ಎಂಥ ಶಾಣ್ಯಾಳು ನೋಡು ನಿನ್ನ ಅವ್ವ!

ಬೆಳಿಗ್ಗೆ ಹೋದರೆ ಹಜಾರ ಖಾಲಿ. ಚಾಪೆ ಮಡಚಿ ಇಟ್ಟಿದ್ದರು. ರೊಟ್ಟಿ ಗಂಟು ಬಿಚ್ಚಿಯೇ ಇರಲಿಲ್ಲ. ಹುಡುಕಿಕೊಂಡು ಹೋದೆ, ಕಾಲುವೆ ಸೇತುವೆಯ ಕೆಳಗೆ ಸಿಕ್ಕರು. ನನಗೆ ಸಿಟ್ಟು ನೆತ್ತಿಗೇರಿತ್ತು. ‘ಅಂಥಾ ಜಾಗ ಬಿಟ್ಟು ಇಲ್ಲಿ ಹಾವು ಚೇಳಿನ ಜೊತೆ ಮಲಗಿದ್ದೀರಲ್ಲ, ನಿಮಗೇನಾದರೂ ಬುದ್ಧಿ ಇದೆಯೇ?’ ಎಂದು ಕೂಗಾಡಿಬಿಟ್ಟೆ. ಆಮೀನಾ ಮೆಲ್ಲಗೆ ಹೇಳಿದಳು. ಅವರ ಊರಿಗೆ ಬೆಂಕಿ ಇಟ್ಟ ಮಂದಿಯ ಮುಂದೆ ವಿಹಾರದ ಮೂರ್ತಿಯ ಮೈಮೇಲಿನ ಕಾವಿ ಬಣ್ಣದ್ದೇ ಬಟ್ಟೆ ತೊಟ್ಟ ಭಿಕ್ಷುಗಳು ನಡೆದಿದ್ದರಂತೆ. ಅವಳ ತಾಯಿ ಉರಿಯುವ ಮನೆಯೊಳಗೇ ಉಳಿದಳಂತೆ. ದೀಪ ಹಚ್ಚಿದ ಮೇಲೆ ಮೂರ್ತಿ ಕಂಡು ಮಕ್ಕಳು ಚೀರಲು ಶುರು ಮಾಡಿದವು, ಬಾಯಿ ಮುಚ್ಚಿ ಎತ್ತಿಕೊಂಡು ಓಡಿ ಬಂದೆವು ಎಂದಳು.

ವಿಶಾ, ನಮಗೆ ಅಲ್ಲಿ ಹೋದರೆ ಜೀವ ತಣ್ಣಗಾಗುತ್ತದೆ. ಅದೇ ಮುಖ ನೋಡಿ ಒಂದು ಕೂಸು ಚೀರಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ವಿಹಾರಕ್ಕೆ ಹೋಗಿ ಆ ದೀಪಗಳನ್ನು ಆರಿಸಿ ಬಂದೆ.

ಉಳಿದವರು ಯಾದಗಿರಿಗೆ ಹೋಗಿ ಹೈದರಾಬಾದಿನ ರೈಲು ಹತ್ತಿದರು. ಆಮೀನಾಳನ್ನು ಡಾಕ್ಟರು ನೋಡಿ, ಈ ಸ್ಥಿತಿಯಲ್ಲಿ ರೈಲು ಹತ್ತಿಸಿದರೆ ತಾಯಿಯೂ ಉಳಿಯುವುದಿಲ್ಲ ಮಗುವೂ ಉಳಿಯುವುದಿಲ್ಲ ಎಂದರು. ಅವಳ ಗಂಡ ಹೈದರಾಬಾದಿನಲ್ಲಿ ಗುಜರಿ ಆರಿಸುವವನು. ಜೊತೆಗೆ ಬಂದ ಚಿಕ್ಕಮ್ಮನಿಗೆ ತನ್ನವೇ ಮಕ್ಕಳು ಸಾಲು ಸಾಲು. ಮತ್ತೆ ಯಾರು ಇಟ್ಟುಕೊಳ್ಳಬೇಕು? ಪಕ್ಕದ ಮನೆಯ ಗೌಹರಬೇಗಂಗೆ ಕೇಳಿದೆ, ನಿಮ್ಮವರೇ ಅಲ್ಲವೇ ಎಂದು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ದೇವಕಮ್ಮಾ, ನೀವು ಇಟ್ಕೊಂಡ್ರ ಮಂದಿ ನಿಮಗ ಹುಚ್ಚಿ ಅಂತಾರ. ನಾ ಇಟ್ಕೊಂಡ್ರ ಏನಂತಾರ ಹೇಳ್ರಿ?’

ಅವತ್ತಿನಿಂದ ಮಾತ್ರ ದಿನಾ ಒಂದು ಬಟ್ಟಲು ಸಾರು ಗೋಡೆಯ ಮೇಲಿಂದ ಬರುತ್ತದೆ. ಯಾರಿಗೆ, ಏನು ಎಂದು ಆಕೆ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ.

ಹೀಗೆ ಆಮೀನಾ ನಮ್ಮ ಮನೆಗೆ ಬಂದಳು. ಬಂದವಳು ಕಟ್ಟೆ ಹತ್ತಿ, ಒಳಗೆ ಗೋಡೆಗೆ ನಿನ್ನ ಅಪ್ಪ ಹಾಕಿದ ಬುದ್ಧನ ಫೋಟೋ ನೋಡಿ, ಅಲ್ಲೇ ನಿಂತಳು. ‘ಅಮ್ಮಾ, ಮೈ ಬಾಹರೀಚ್ ಸೋತೀ’ ಎಂದಳು. ಹೊರಗೇ ಮಲಗುತ್ತೇನೆ ಎಂದು ಹಟ. ಫೋಟೋ ತೆಗೆದಿಟ್ಟರೆ ಮುಗಿಯುತ್ತಿತ್ತು ಎಂದು ನೀನು ಅಂದುಕೊಳ್ಳಬಹುದು. ನಾನು ತೆಗೆಯಲಿಲ್ಲ. ಯಾರೋ ಕೆಟ್ಟವರು ಅವರ ಹೆಸರು ಹೇಳಿಕೊಂಡು ಬೆಂಕಿ ಇಟ್ಟರೆ ನಾನು ಯಾಕೆ ಅವರನ್ನು ಗೋಡೆಯಿಂದ ಇಳಿಸಬೇಕು? ಅವಳಿಗೆ ಕಟ್ಟೆಯ ಮೇಲೆಯೇ ಹಾಸಿಗೆ ಹಾಸಿದೆ, ನಾನೂ ಅವಳ ಪಕ್ಕದಲ್ಲಿ ಮಲಗಿದೆ. ಸೊಳ್ಳೆಗಳು ನಮ್ಮಿಬ್ಬರನ್ನೂ ಹರಿದು ತಿಂದವು.

ಒಂದು ಬೆಳಿಗ್ಗೆ ನಾನು ಒಳಗೆ ಬುದ್ಧವಂದನೆ ಹೇಳಿ ಎದ್ದಾಗ ಹೊರಗಿನಿಂದಲೇ ಫೋಟೋ ತೋರಿಸಿ ಕೇಳಿದಳು, ಇವರು ನಿನಗೆ ಏನು ಕೊಟ್ಟರು ಎಂದು. ನಾನು ಹೊಸ್ತಿಲಲ್ಲಿ ಕೂತೆ. ನಮ್ಮಪ್ಪನಿಗೆ ಹೋಟೆಲಿನಲ್ಲಿ ಚಹಾಕ್ಕೆ ಬೇರೆ ಕಪ್ಪು ಇಡುತ್ತಿದ್ದರು, ಕುಡಿದು ತಾನೇ ತೊಳೆದಿಡಬೇಕಿತ್ತು. ನಮ್ಮವ್ವ ಬಾವಿಯ ಹತ್ತಿರ ಕೊಡ ಇಟ್ಟು ಯಾರಾದರೂ ನೀರು ಹಾಕಲಿ ಎಂದು ದಾರಿ ಕಾಯುತ್ತಿದ್ದಳು. ಬೌದ್ಧರಾಗಿ ಇವರ ಕಡೆ ಬಂದ ಮೇಲೆ ನಾವು ಯಾರ ಮುಂದೆಯೂ ಬಗ್ಗಿಲ್ಲ. ಇದನ್ನೆಲ್ಲ ಹೇಳಿದೆ. ಅವಳು, ‘ಫಿರ್ ಉನೋ ಲೋಗಾಂ ಕೌನ್?’ ಎಂದಳು. ಹಾಗಾದರೆ ಬೆಂಕಿ ಇಟ್ಟ ಆ ಜನ ಯಾರು ಎಂದು. ಅವರಿಗೆ ಇವರ ಗುರುತು ಇಲ್ಲ ಎಂದೆ. ಎದ್ದು ಒಳಗೆ ಬಂದಳು. ಫೋಟೋಕ್ಕೆ ಬೆನ್ನು ಮಾಡಿ ಕೂತಳು. ಇವತ್ತಿಗೂ ಬೆನ್ನು ಮಾಡಿಯೇ ಕೂಡುತ್ತಾಳೆ. ಕೂಡಲಿ, ನನ್ನ ತಕರಾರಿಲ್ಲ.

ಅವಳು ಒಳಗೆ ಬಂದದ್ದೇ ತಡ, ಓಣಿಗೆ ಕಣ್ಣು ಬಂತು. ಯಾರಂತೆ, ಎಲ್ಲಿಯವಳಂತೆ, ಎಷ್ಟು ದಿನವಂತೆ. ಠಾಣೆಯಿಂದ ಒಬ್ಬರು ಬಂದು ಕಾರ್ಡು ನೋಡಿ, ಹೆಸರು ಕೇಳಿಕೊಂಡು, ನೀರು ಕುಡಿದು ಮರ್ಯಾದೆಯಿಂದ ಹೋದರು. ಅವರಿಗೆ ಇಲ್ಲದ ತ್ರಾಸು ಓಣಿಯವರಿಗೆ ಆಯಿತು. ನಮ್ಮ ಮಂದಿಯೇ ಹೀಗೆ ಆಡಿದರಲ್ಲ ಎಂಬುದು ನನ್ನ ಸಂಕಟ. ಕಾಲುವೆ ಬರುವುದಕ್ಕೆ ಮುಂಚೆ ಈ ಸೀಮೆಯಿಂದ ಗುಳೆ ಹೋಗದ ಮನೆ ಯಾವುದಿತ್ತು ಹೇಳು? ಹೊಟ್ಟೆಪಾಡಿಗೆ ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಮುಂಬೈಗೆ ಹೋದವರೇ ಎಲ್ಲರೂ. ನಮ್ಮವ್ವ ನನ್ನನ್ನು ಹೆತ್ತದ್ದು ಹೈದರಾಬಾದಿನಲ್ಲಿ ಕಟ್ಟುತ್ತಿದ್ದ ಯಾವುದೋ ಮನೆಯ ಜಲ್ಲಿ ರಾಶಿಯ ಮರೆಯಲ್ಲಿ. ಒಳಗೆ ಬಾ ಎಂದವರಿಲ್ಲ. ಹಸಿ ಮೈಯಲ್ಲೇ ಗಾರೆ ಬುಟ್ಟಿ ಹೊತ್ತಳು. ಸಾಯುವತನಕ ಸೊಂಟ ಹಿಡಿದುಕೊಂಡೇ ನಡೆದಳು, ನೀನೂ ನೋಡಿದ್ದೀಯಲ್ಲ. ಈಗ ನೀರು ಬಂತು, ಬೆಳೆ ಬಂತು, ಬೇರೆಯವರು ನಮ್ಮ ಕಡೆ ದುಡಿಯಲು ಬಂದರು. ಬಂದ ಕೂಡಲೇ ನಾವೂ ಬಾಗಿಲು ಹಾಕಿಕೊಳ್ಳುವುದೇ? ಯಾರು ಬೇಕಾದರೂ ಹಾಕಿಕೊಳ್ಳಲಿ, ದೇವಕಮ್ಮನ ಮನೆಯ ಬಾಗಿಲು ಹಾಕುವುದಿಲ್ಲ.

ಆಮೀನಾಳ ಕುಬುಸದ ಸಂಗತಿ ನಿನ್ನ ಕಿವಿಗೆ ಹೇಗೆ ಬಂದಿದೆಯೋ. ಆದದ್ದು ಹೀಗೆ.

ಎದುರುಮನೆಯ ಗೊಲ್ಲಾಳಮ್ಮ, ಕಿರಾಣಿ ಅಂಗಡಿಯವಳು, ಒಂದು ಮುಂಜಾನೆ ಬಂದು ಕಿವಿಯಲ್ಲಿ ಹೇಳಿದಳು. ‘ಮೇಡಮ್ಮರ, ಮಧ್ಯಾನ್ನ ತಾಯಪ್ಪ ನಾಕ್ ಮಂದಿ ಕರಕೊಂಡ್ ಬರ್ತಾನಂತ. ಇಕಿನ್ನ ಕಳಸಂತ ಹೇಳಾಕ.’ ತಾಯಪ್ಪ ಗೊತ್ತಲ್ಲ, ನಮ್ಮ ವಿಹಾರ ಕಮಿಟಿಯ ಅಧ್ಯಕ್ಷ. ನನ್ನ ಕೈಯಲ್ಲೇ ಮಗ್ಗಿ ಕಲಿತವನು, ಹದಿಮೂರರ ಮಗ್ಗಿ ಇನ್ನೂ ಬರುವುದಿಲ್ಲ. ನಾನು ಗೊಲ್ಲಾಳಮ್ಮನಿಗೆ, ‘ಹಸಿರು ಬಳಿ ಅದಾವೇನು ಅಂಗಡ್ಯಾಗ?’ ಎಂದೆ. ಅವಳು ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾ ಓಡಿದಳು.

ಓಣಿಯ ಹೆಂಗಸರನ್ನೆಲ್ಲ ಕರೆದೆ. ಬಸುರಿಗೆ ಕುಬುಸ ಅಂದರೆ ಯಾವ ಹೆಂಗಸು ಬರುವುದಿಲ್ಲ? ಗಂಡಂದಿರು ಬೇಡ ಅಂದರೂ ಬಂದರು. ಗೌಹರಬೇಗಂ ಕೂಡ ಗೋಡೆ ಬಿಟ್ಟು ಬಾಗಿಲಿನಿಂದ ಬಂದಳು. ಅಂಗಳದಲ್ಲಿ ಆಮೀನಾಳನ್ನು ಮಣೆಯ ಮೇಲೆ ಕೂರಿಸಿ, ಹಸಿರು ಬಳೆ ಇಟ್ಟು, ತಲೆಗೆ ಹೂ ಮುಡಿಸಿ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿದೆ. ಅವಳು ಏನು ನಡೆಯುತ್ತಿದೆ ಎಂದು ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದಳು. ಗೌಹರಬೇಗಂ ಕಿವಿಯಲ್ಲಿ ಅದೇನು ಹೇಳಿದಳೋ, ಸೆರಗು ಮುಖಕ್ಕೆ ಎಳೆದುಕೊಂಡು ಅತ್ತಳು.

ಅಷ್ಟರಲ್ಲಿ ತಾಯಪ್ಪನ ದಂಡು ಬಂತು. ಹೆಂಗಸರ ಸಂದಣಿ ನೋಡಿ ಬಾಗಿಲಲ್ಲೇ ನಿಂತ.

‘ಮೇಡಂ, ಒಂದ್ ಮಾತ ಹೇಳೋದದ. ಸಿಟ್ ಆಗಬ್ಯಾಡ್ರಿ.’

‘ಹೇಳು.’

‘ಆ ಹೆಂಗಸನ್ನ ಕಳಿಸಿಬಿಡ್ರಿ. ನಾಳಿ ಏನರ ಆದ್ರ ಇಡೀ ಓಣಿಗಿ ಕೆಟ್ಟ ಹೆಸರ ಬರ್ತದ. ನಮಗ ಈಗೀಗ ನಾಕ್ ಮಂದಿ ಕುರ್ಚಿ ಹಾಕಿ ಕೂಡಸಾಕತ್ತಾರ, ಅದ್ನ ಕಳಕೊಳ್ಳೋದು ಬ್ಯಾಡ್ರಿ.’

‘ಯಾವ ಹೆಂಗಸೋ?’ ಎಂದೆ. ‘ಇಲ್ಲಿ ಯಾ ಹೆಂಗಸೂ ಇಲ್ಲ. ಇಕಿ ನನ್ ಮಗಳು. ಚೊಚ್ಚಲ ಬಸರಿ, ತವರಿಗಿ ಬಂದಾಳ. ಈಗಷ್ಟ ಉಡಿ ತುಂಬೀನಿ, ಇವರೆಲ್ಲಾ ನೋಡ್ಯಾರ. ಉಡಿ ತುಂಬಿದ ಬಸರಿನ ತವರುಮನಿಯಿಂದ ಹೊರಗ ಹಾಕಿದ ಊರು ಯಾವುದರ ಇದ್ರ ಹೇಳು, ಬಸ್ ಹತ್ತಿ ಹೋಗಿ ನೋಡ್ಕೊಂಡ್ ಬರ್ತೀನಿ.’

ಅವನ ಹಿಂದಿದ್ದವರು ನೆಲ ನೋಡಿದರು. ಉಡಿ ತುಂಬಿದ ಮೇಲೆ ಹೆತ್ತು, ಬಾಣಂತನ ಮುಗಿಸಿ, ಕೂಸಿನ ಕೈ ಕಾಲು ಗಟ್ಟಿಯಾಗುವತನಕ ಮಗಳನ್ನು ಏಳು ಅನ್ನುವ ಹಾಗಿಲ್ಲ, ಅದು ಅವರಿಗೂ ಗೊತ್ತು. ಅವರ ಅಕ್ಕತಂಗಿಯರಿಗೂ ಹೀಗೇ ಆಗಿದೆಯಲ್ಲ! ಗೊಲ್ಲಾಳಮ್ಮ ಎಂಥ ಘಾಟಿ ಹೆಂಗಸು ನೋಡು, ತಟ್ಟೆ ಹಿಡಿದುಕೊಂಡು ನೇರ ಅವನ ಮುಂದೆ ಹೋದಳು. ‘ಸುಮ್ ಯಾಕ ನಿಂತ್ರಿ ತಾಯಪ್ಪಣ್ಣ? ಸೋದರಮಾವ ಬಂದಂಗ ಬಂದೀರಿ, ನಾಕ್ ಅಕ್ಕಿಕಾಳ ಹಾಕ್ರಿ.’ ಅವನ ಕೈ ತಾನಾಗಿಯೇ ತಟ್ಟೆಗೆ ಹೋಯಿತು. ಆಮೀನಾಳ ತಲೆಯ ಮೇಲೆ ಅಕ್ಕಿಕಾಳು ಬಿತ್ತು. ಹೆಂಗಸರು ಹೋ ಎಂದು ನಕ್ಕರು.

‘ನಾ ಬಂದಿದ್ದು ಬ್ಯಾರೆ ಕೆಲಸಕ್ರಿ’ ಎಂದು ತಾಯಪ್ಪ ಗೊಣಗಿದ. ಗೊಣಗುತ್ತಲೇ ಕೂತು ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡ. ಅವತ್ತಿನಿಂದ ನಮ್ಮ ಮನೆಯ ಮುಂದೆ ಹೋಗುವಾಗ ಸೈಕಲ್ಲು ಜೋರು ತುಳಿಯುತ್ತಾನೆ.

ಹೆರಿಗೆ ಸರ್ಕಾರಿ ದವಾಖಾನೆಯಲ್ಲಿ ಆಯಿತು. ಬಹಳ ಕಷ್ಟಪಟ್ಟಳು. ತನ್ನ ತಾಯಿಯನ್ನು ತನ್ನ ಭಾಷೆಯಲ್ಲಿ ಕೂಗುತ್ತಿದ್ದಳು, ಆ ಒಂದು ಶಬ್ದಕ್ಕೆ ಅರ್ಥ ಹೇಳುವವರು ಬೇಕಾಗಲಿಲ್ಲ. ನರ್ಸಮ್ಮ ಬಂದು, ‘ಇಕಿ ತವರುಮನಿಯವರು ಯಾರ್ರಿ?’ ಎಂದಳು. ‘ನಾನ್ರಿ’ ಎಂದೆ. ನನ್ನನ್ನೊಮ್ಮೆ, ಆಮೀನಾಳನ್ನೊಮ್ಮೆ ನೋಡಿ, ‘ಬಿಸಿನೀರು ತರ್ರಿ ಹಂಗಾರ’ ಎಂದಳು. ಹೆಣ್ಣು ಕೂಸು. ಮೂಗು ಇಷ್ಟೇ ಇಷ್ಟು, ದನಿ ಮಾತ್ರ ಬಸ್ಸಿನ ಹಾರನ್. ಅವಳ ಗಂಡ ಬಂದು ಕಿವಿಯಲ್ಲಿ ಅಜಾನ್ ಹೇಳಿ, ಅತ್ತು, ಎರಡು ದಿನ ಇದ್ದು ಹೋದ. ದಿಲ್ಲಿಯಿಂದ ಕರೆ ಬಂದಿದೆಯಂತೆ, ಯಾವುದೋ ದೇಶದವರು ಇವರ ಜೊತೆ ಮಾತಾಡಬೇಕಂತೆ. ಗಂಡ, ಹೆಂಡತಿ, ಕೂಸು ಮೂವರೂ ಎದುರಿಗೆ ಇರಬೇಕು. ಈಗ ಅವಳನ್ನು ಹೊರಗೆ ಹಾಕಿದರೆ ಹಸಿ ಬಾಣಂತಿ ಮತ್ತೆ ಯಾವ ಸೇತುವೆಯ ಕೆಳಗೆ ಬಿದ್ದಿರುತ್ತಾಳೋ! ಅಲ್ಲಿ ಒಂದು ಜ್ವರ ಬಂದರೆ ಮುಗಿಯಿತು, ದಿಲ್ಲಿಯೂ ಇಲ್ಲ, ದೇಶವೂ ಇಲ್ಲ. ದೂರ ಹೋಗುವವಳು ಸೊಂಟ ಗಟ್ಟಿ ಮಾಡಿಕೊಂಡು ಹೋಗಲಿ. ನಾನು ಕೊಡಬಲ್ಲದ್ದು ಅದೊಂದೇ: ಬಿಸಿನೀರು, ಎಣ್ಣೆ, ಅಳವಿ ಪಾಯಸ, ನಾಲ್ಕು ಗೋಡೆ.

ಈಗ ನಿನ್ನ ಅತ್ತೆಗೆ ಎರಡು ಮಾತು. ಬಾಲಮ್ಮ ಬೀಗತಿಗೆ ಹೇಳು, ಅವರೂ ಮೆಣಸಿನಕಾಯಿ ಬಿಡಿಸಲು ಗುಳೆ ಹೋದವರೇ, ಅವರ ಬೆನ್ನಿಗೂ ಬಿಸಿಲು ಬಿದ್ದಿದೆ. ಸುರಪುರದಲ್ಲಿ ಸ್ಲ್ಯಾಬಿನ ಮನೆ ಕಟ್ಟಿಸಿದ ಕೂಡಲೇ ಅದೆಲ್ಲ ಮರೆತುಹೋಯಿತೇ? ತಮ್ಮ ಸೊಸೆಯನ್ನು ತವರಿಗೆ ಕಳಿಸಲು ನನ್ನ ಮನೆಯೊಳಗೆ ಯಾರಿರಬೇಕು, ಯಾರಿರಬಾರದು ಎಂದು ತೂಗಿ ನೋಡುವ ಅಧಿಕಾರ ಅವರಿಗೆ ಯಾರು ಕೊಟ್ಟರು? ರಂಗಂಪೇಟೆಯ ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಮನುಷ್ಯರನ್ನು ಆರಿಸಲು ಬರುವುದಿಲ್ಲ ಎಂದು ಹೇಳು. ಇದಕ್ಕೂ ಅವರು ಒಲ್ಲೆ ಎಂದರೆ ನಾನೇ ಬಂದು ಅವರ ಮನೆಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಕೇಳುತ್ತೇನೆ. ನನ್ನ ಬಾಯಿ ಎಂಥದ್ದೆಂದು ಅವರಿಗೆ ಗೊತ್ತಿದೆ, ನಿನ್ನ ಮದುವೆಯಲ್ಲಿ ನೋಡಿದ್ದಾರೆ.

ನೀನು ಮಾತ್ರ ಎದೆಗುಂದಬೇಡ. ಅತ್ತೆಯ ಮಾತಿಗೆ ಸಿಕ್ಕಿ ನೀನು ಎಷ್ಟು ಒದ್ದಾಡುತ್ತಿದ್ದೀಯೆಂದು ನನಗೆ ಗೊತ್ತು. ನೀನು ಬಂದರೆ ಒಳಕೋಣೆ ನಿನಗೆ, ಆಮೀನಾ ಪಡಸಾಲೆಗೆ ಬರುತ್ತಾಳೆ, ನಾನಾಗಿ ಕೇಳುವ ಮುಂಚೆ ಅವಳೇ ಹೇಳಿದ್ದಾಳೆ. ನೀರು ಕಾಯಿಸುವ ಹಂಡೆ ಒಂದೇ ಇದೆ, ಇಬ್ಬರಿಗೂ ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಗುಳಿಗೆ ತಪ್ಪಿಸಬೇಡ. ಎಡ ಮಗ್ಗುಲಿಗೆ ಮಲಗು. ಕೂಸು ಒದ್ದರೆ ನನ್ನ ಹೆಸರು ಹೇಳಿ ಬೈ.

ನಿನ್ನ ಹೊಟ್ಟೆ ತಣ್ಣಗಿರಲಿ. ಹುಟ್ಟುವ ಕೂಸು ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳಲಿ. ಅಯ್ಯಪ್ಪನಿಗೂ ನನ್ನ ಆಶೀರ್ವಾದ ಹೇಳು, ಅವನು ಕೇಳದಿದ್ದರೂ ಹೇಳು.

ನಿನ್ನ
ಅವ್ವ,
ದೇವಕಮ್ಮ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಅಂಚೆಗೆ ಹೊರಡುವಷ್ಟರಲ್ಲಿ ನಿನ್ನ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಸುರಪುರದ ಮೊದಲ ಬಸ್ಸಿಗೆ ಬಂದಿದ್ದರು. ಜಗಳಕ್ಕೇ ಬಂದಿದ್ದಾರೆಂದು ನಾನು ಸೆರಗು ಸಿಕ್ಕಿಸಿಕೊಂಡೇ ಎದ್ದೆ. ಅವರು ನನ್ನನ್ನು ದಾಟಿ ಒಳಗೆ ಹೋಗಿ, ಕೈಕಾಲು ತೊಳೆದುಕೊಂಡು, ಕಾಲು ಚಾಚಿ ಕೂತು, ಆಮೀನಾಳ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಲು ಶುರು ಮಾಡಿದರು. ತಿಕ್ಕುತ್ತಲೇ ಹೇಳಿದರು:

‘ಬೀಗತಿ, ನಾ ಯಾವಾಗ ಕಳಸಂಗಿಲ್ಲ ಅಂದೀನಿ? ನಾನ ಬಂದು ಬಿಟ್ಟು ಬರ್ತೀನಿ ನಡಿ ಅಂದ್ರೂ ನಿಮ್ಮ ಮಗಳ ಒಲ್ಲೆ ಅಂತಾಳ. “ನಮ್ಮವ್ವ ನಾಕ್ ಮಂದಿ ಮುಂದ ಆಕಿನ್ನ ಮಗಳು ಅಂದಾಳ, ನನಗಿಂತ ಮೊದಲ ಆಕಿ ಉಡಿ ತುಂಬ್ಯಾಳ, ನಾ ಯಾಕ ಹೋಗ್ಲಿ” ಅಂತ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ಯಾಳ. ಅತ್ತಿ ಕಳಸಂಗಿಲ್ಲ ಅಂತ ನನ್ನ ಹೆಸರ ಹೇಳಿ ನಿಮಗ ಬರದಾಳಂತ ನಿನ್ನಿ ಅಯ್ಯಪ್ಪ ಅಂದ. ನನಗರ ಓದಾಕ ಬರಂಗಿಲ್ಲ.’

ಮೇಲೆ ಅವರನ್ನು ಬೈದು ಬರೆದದ್ದನ್ನೆಲ್ಲ ಅವರ ಮುಂದೆಯೇ ಓದಿ ಹೇಳಿದೆ. ಬದನೆಕಾಯಿಯ ಮಾತಿಗೆ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ ವಿಶಾ. ತಾಯಪ್ಪ ಬಂದಾಗ, ಓಣಿ ಬೈದಾಗ ನನಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಇವತ್ತು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅವಳನ್ನು ಕಳಿಸು ಅಂದವರು ಬೇರೆ ಯಾರಾಗಿದ್ದರೂ ಸರಿ, ನೀನಾದೆಯಲ್ಲ.

ನಿನಗೆ ಹೊಟ್ಟೆಕಿಚ್ಚು ಬಂದದ್ದು ತಪ್ಪಲ್ಲ. ಚೊಚ್ಚಲ ಬಸುರಿ, ಅವ್ವ ನನಗೊಬ್ಬಳಿಗೇ ಬೇಕು ಅನ್ನಿಸುತ್ತದೆ, ಅನ್ನಿಸಲಿ. ಅದನ್ನು ನನ್ನ ಮುಂದೆ ಹೇಳದೆ ಆ ಬಡ ಮುದುಕಿಯ ಹೆಸರಿನಲ್ಲಿ ಹೇಳಿದೆಯಲ್ಲ, ಅದು ನನಗೆ ಚುಚ್ಚಿದೆ. ಸಿಟ್ಟಿದ್ದರೆ ಸಿಟ್ಟು ಇಟ್ಟುಕೊಂಡೇ ಬಾ. ಬಂದು ಕೂಗಾಡು, ಪಾತ್ರೆ ಎಸೆ, ನನ್ನ ಜೊತೆ ಮಾತು ಬಿಡು. ಬಾ ಎಂದು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ. ಅವಳನ್ನು ಕಳಿಸಿದ್ದೇನೆ, ಬಾ ಎಂದು ಮಾತ್ರ ನನ್ನ ಕೈಯಿಂದ ಬರೆಸಬೇಡ.